ಒಂದು ಜೋಡಿ, ಎರಡು ಪೊಟ್ಟಣ

ಪೊಟ್ಟಣ ಕಟ್ಟುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ತೊಟ್ಟಿಲಲ್ಲಿ ಅವನನ್ನು ಸುತ್ತಿದವರ ಕೈ ನನ್ನ ಕೈಯಷ್ಟು ಪಳಗಿರಲಾರದು. ಲಾರಿ ಪಾರ್ಸಲ್ ಆಫೀಸಿನಲ್ಲಿ ಆಯುಷ್ಯ ಸವೆಸಿದವನು ನಾನು. ನಾನು ಹಾಕಿದ ಗಂಟನ್ನು ಬಿಚ್ಚಲು ಕೂತ ಗುಮಾಸ್ತರೊಬ್ಬರು ಬಿಚ್ಚಿ ಮುಗಿಸುವ ಹೊತ್ತಿಗೆ ನಿವೃತ್ತರಾಗಿದ್ದರು ಎಂಬ ಮಾತಿದೆ. ಆ ಮಾತನ್ನು ಹಬ್ಬಿಸಿದವನು ನಾನೇ ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಮನೆಯಲ್ಲಿ ದೊಡ್ಡವರಿಗೆ ನಾನು ಪಾರ್ಸಲ್ ಮಾವ, ಮಕ್ಕಳಿಗೆ ಪಾರ್ಸಲ್ ತಾತ.

ಮನೆ ನನ್ನ ಅಕ್ಕನದು. ಬೀದಿಗೆ ಮುಖಮಾಡಿದ ಚಿಕ್ಕ ಕೋಣೆ ನನ್ನದು, ಮಿಕ್ಕದ್ದೆಲ್ಲ ಅವಳ ಸಾಮ್ರಾಜ್ಯ. ಅಡುಗೆಮನೆಯಿಂದ ಅಕ್ಕ ಒಮ್ಮೆ ಕೂಗಿದರೆ ಮೂರು ಬೀದಿಯಾಚೆ ಹೋಗುತ್ತಿರುವ ಬಸ್ಸು ನಿಂತು, ಯಾರಾದರೂ ಹತ್ತುವವರಿದ್ದಾರೋ ಎಂದು ನೋಡುತ್ತದೆ. ಅವಳ ಮಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಊರಿನ ಎತ್ತರದ ಕಟ್ಟಡಗಳೆಲ್ಲ ಅವನ ಕೈಯಲ್ಲಿ ಮೇಲೂ ಕೆಳಗೂ ಓಡಾಡುತ್ತವೆ. ತಾಯಿಯ ಎದುರು ಮಾತ್ರ ಅವನು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟು. ಅವನ ಮೊದಲ ಹೆಂಡತಿ ಕಾಯಿಲೆಯಲ್ಲಿ ತೀರಿಕೊಂಡಾಗ ಮಗಳು ಇನ್ನೂ ತೊದಲು ಮಾತಾಡುತ್ತಿದ್ದಳು. ಆ ಮಗಳಿಗೆ ಈಗ ಹತ್ತು ವರ್ಷ. ಮಾತಿನ ಖಾರ ನೋಡಿ ಅವಳಿಗೆ ನಾನಿಟ್ಟ ಹೆಸರು ಮೆಣಸು.

ಈ ವರ್ಷದ ನಡುವಿನಲ್ಲಿ ನನ್ನ ಸೋದರಳಿಯ ಮತ್ತೆ ಮದುವೆಯಾದ. ಹೊಸ ಸೊಸೆ ಪೇಟೆಯಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕೂರಿಸುವವಳು. ಅವಳೊಂದಿಗೆ ಆರು ವರ್ಷದ ಅವಳ ಮಗಳೂ ಬಂದಳು. ಆ ಹುಡುಗಿಯ ಕೆನ್ನೆ ನೋಡಿ ಬೆಣ್ಣೆ ಎಂದು ಕರೆದೆ. ಹಟದಲ್ಲಿ ಅದು ಫ್ರಿಜ್ಜಿನಿಂದ ಆಗತಾನೆ ತೆಗೆದ ಬೆಣ್ಣೆಯೆಂದು ಆಮೇಲೆ ಗೊತ್ತಾಯಿತು.

ಮದುವೆಯಾದ ಮೇಲೂ ಸೊಸೆ ಅಂಗಡಿಯ ಮೇಲಿನ ತನ್ನ ಹಳೆಯ ಕೋಣೆಯನ್ನು ಬಿಟ್ಟಿರಲಿಲ್ಲ. ಅದು ನನ್ನೊಬ್ಬನಿಗೇ ಗೊತ್ತು, ಏಕೆಂದರೆ ಜನ ಗುಟ್ಟನ್ನೆಲ್ಲ ನನಗೇ ಹೇಳುತ್ತಾರೆ. ನನಗೆ ಹೇಳಿದರೆ ಊರಿಗೆಲ್ಲ ಬೇರೆ ಬೇರೆಯಾಗಿ ಹೇಳುವ ಶ್ರಮ ತಪ್ಪುತ್ತದಲ್ಲ. ಒಂದು ದಿನ ಅಂಗಡಿಯಲ್ಲಿ ನನ್ನ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸುತ್ತ ಅವಳೇ ಹೇಳಿದಳು.

"ವರ್ಷ ಮುಗಿಯೋ ತನಕ ನೋಡ್ತೀನಿ ಮಾವ. ನನಗೆ ಏನಂದ್ರೂ ತಡ್ಕೋತೀನಿ. ನನ್ನ ಮಗಳು ಆ ಮನೇಲಿ 'ಇನ್ನೊಂದು ಮಗು' ಆಗ್ಬಾರದು. ಹಾಗೇನಾದ್ರೂ ಆದ್ರೆ ನಾವಿಬ್ರೂ ವಾಪಸ್ ಈ ಮೆಟ್ಟಿಲು ಹತ್ತಿಬಿಡ್ತೀವಿ."

"ಅವನು?" ಎಂದೆ.

"ಅವರಿಗೆ ಮೆಟ್ಟಿಲು ಅಭ್ಯಾಸ ಇಲ್ಲ" ಎಂದಳು. ಕನ್ನಡಕ ಮಾತ್ರ ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ.

ಹೀಗಿರುವಾಗ ಕ್ರಿಸ್‌ಮಸ್ ಹತ್ತಿರ ಬಂತು.

ನಮ್ಮ ಮನೆಯಲ್ಲಿ ಮಕ್ಕಳ ಉಡುಗೊರೆಗೆ ಒಂದು ಕಾನೂನಿದೆ. ಅದು ಹುಟ್ಟಿದ್ದು ಅಕ್ಕನ ಮಕ್ಕಳು ಚಿಕ್ಕವರಿದ್ದಾಗ. ಯಾರೋ ನೆಂಟರು ಮಗನಿಗೆ ಮೂರು ಚಕ್ರದ ಸೈಕಲನ್ನು ಚಿನ್ನದ ಬಣ್ಣದ ಕಾಗದದಲ್ಲಿ ಸುತ್ತಿ ಕಳಿಸಿದರು, ಇನ್ಯಾರೋ ಮಗಳಿಗೆ ಒಂದು ಜೊತೆ ಕಾಲುಚೀಲವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಳಿಸಿದರು. ಆ ಹುಡುಗಿ ಅತ್ತ ಅಳುವಿಗೆ ಕೆಳಗಿನ ಮನೆಯವರು ಮೇಲಿನ ನಲ್ಲಿ ಒಡೆದಿದೆಯೆಂದು ದೂರು ಕೊಟ್ಟರು. ಅಂದೇ ಅಕ್ಕ ಕಾನೂನು ಮಾಡಿದಳು. ಯಾರೇ ಕಳಿಸಲಿ, ಕಳಿಸಿದವರ ಕಾಗದ ಬಿಚ್ಚಬೇಕು. ಎಲ್ಲವನ್ನೂ ಒಂದೇ ಬಣ್ಣದ ಖಾಕಿ ಕಾಗದದಲ್ಲಿ ಮತ್ತೆ ಸುತ್ತಬೇಕು. ಕೊಟ್ಟವರ ಹೆಸರು ಇರಕೂಡದು. ಪ್ರತಿ ಮಗುವಿಗೂ ಪೊಟ್ಟಣ ಸಮನಾಗಿರಬೇಕು. ಮಕ್ಕಳು ಬಿಚ್ಚಿ ನೋಡಿ, ಒಟ್ಟು ಮನೆಗೆ ಒಂದು ಥ್ಯಾಂಕ್ಸ್ ಹೇಳಿ ಎದ್ದು ಹೋಗಬೇಕು.

ಬಿಚ್ಚುವವನೂ ಸುತ್ತುವವನೂ ನಾನೇ. ಅರಮನೆಯಲ್ಲಿ ಹುಟ್ಟಿದ್ದರೆ ಈ ಕೆಲಸಕ್ಕೆ ನನಗೊಂದು ಆನೆ ಕೊಡುತ್ತಿದ್ದರು.

ಡಿಸೆಂಬರ್ ಮೊದಲ ವಾರದಲ್ಲಿ, ರಾತ್ರಿಯೂಟಕ್ಕೆ ಆಲೂಗಡ್ಡೆ ಸೂಪು ಬಡಿಸುತ್ತ ಅಕ್ಕ ಹೊಸ ಸೊಸೆಗೆ ಕಾನೂನು ಓದಿದಳು. ಸೊಸೆ ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿಕೊಂಡೇ ಕೇಳಿಸಿಕೊಂಡಳು. ತನ್ನ ತಾಯಿಯ ಮನೆಯಲ್ಲಿ ಕೊಟ್ಟವರ ಹೆಸರು ಬರೆದೇ ಇಡುತ್ತಿದ್ದರು, ಮಕ್ಕಳು ಹೋಗಿ ಅವರಿಗೇ ಥ್ಯಾಂಕ್ಸ್ ಹೇಳಿ ಬರಬೇಕಿತ್ತು ಎಂದಳು. ಹೆಸರಿದ್ದರೆ ಅಳತೆ ಶುರುವಾಗುತ್ತದೆ, ಯಾರದು ದೊಡ್ಡದು ಯಾರದು ಚಿಕ್ಕದು ಎಂದು ಅಕ್ಕ ಹೇಳಿದಳು. ಹೆಸರಿಲ್ಲದಿದ್ದರೆ ಕೊಟ್ಟವರಿಗೆ ಬೇಜಾರಾಗುವುದಿಲ್ಲವೇ ಎಂದು ಸೊಸೆ ಕೇಳಿದಳು.

"ಕೊಡೋರು ಮಗುವಿಗೆ ಅಂತ ಕೊಡ್ತಾರೆ, ಹೆಸರಿಗೆ ಅಂತಲ್ಲ" ಎಂದು ಅಕ್ಕ ಸೂಪಿನ ಪಾತ್ರೆಯ ಮುಚ್ಚಳ ಹಾಕಿದಳು. ಅವಳು ಮುಚ್ಚಳ ಹಾಕಿದಳೆಂದರೆ ಮಾತೂ ಮುಗಿಯಿತೆಂದು ಅರ್ಥ. ಸೋದರಳಿಯ ಸೂಪಿನೊಳಗೆ ಏನೋ ಬಿದ್ದುಹೋಗಿರುವಂತೆ ಬಟ್ಟಲನ್ನೇ ನೋಡುತ್ತಿದ್ದ.

ಮುಂದಿನ ವಾರ ಮೆಣಸಿನ ತಾಯಿಯ ತಾಯಿಯಿಂದ ಪಾರ್ಸಲು ಬಂತು. ನಮ್ಮ ಈ ಬೀಗಿತ್ತಿ ದೂರದೂರಿನಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವಳು. ಬೆಟ್ಟದಂಥ ಹಾಸಿಗೆ ಹೊದಿಕೆಗಳನ್ನು ಇಸ್ತ್ರಿ ಮಾಡಿ ಮಾಡಿ ಅವಳಿಗೂ ಇಸ್ತ್ರಿ ಬಿದ್ದಿತ್ತು. ನಿಂತರೆ ಎಲ್ಲೂ ಒಂದು ಸುಕ್ಕಿಲ್ಲ. ಹಬ್ಬದ ದಿನ ಆಸ್ಪತ್ರೆಗೆ ರಜೆಯಿರುವುದಿಲ್ಲವಾದ್ದರಿಂದ ಅವಳು ಯಾವ ವರ್ಷವೂ ಬಂದಿರಲಿಲ್ಲ, ಪಾರ್ಸಲ್ ಮಾತ್ರ ತಪ್ಪಿಸಿರಲಿಲ್ಲ. ಈ ವರ್ಷ ನಿವೃತ್ತಳಾಗಿದ್ದಳು. ಊಟಕ್ಕೆ ತಾನೇ ಬರುತ್ತೇನೆಂದು ಫೋನು ಮಾಡಿದ್ದಳು.

ಕೆಂಪು ಮಿಂಚುಕಾಗದ, ಅದರ ಮೇಲೆ ಬಿಳಿ ರಿಬ್ಬನ್ನು, ರಿಬ್ಬನ್ನಿಗೆ ಮೆಣಸಿನ ಹೆಸರಿನ ಚೀಟಿ. ಕಾಗದದ ಮಡಿಕೆಗಳನ್ನು ನೋಡಿ ನನಗೇ ಹೊಟ್ಟೆಯುರಿಯಿತು. ಇಡೀ ಪ್ರಪಂಚದಲ್ಲಿ ನನ್ನ ನಂತರದ ಸ್ಥಾನಕ್ಕೆ ಯಾರಾದರೂ ಇದ್ದರೆ ಈ ಹೆಂಗಸೇ. ಬಿಚ್ಚಿದೆ. ಒಳಗೆ ಒಂದು ಜೊತೆ ಸ್ಕೇಟಿಂಗ್ ಶೂ. ನೀಲಿ ಚರ್ಮ, ಕೆಳಗೆ ಹಳದಿ ಗಾಲಿಗಳು. ಬೆರಳಲ್ಲಿ ಒಮ್ಮೆ ತಿರುಗಿಸಿದರೆ ಊಟದ ಹೊತ್ತಿನವರೆಗೂ ತಿರುಗುತ್ತಿದ್ದವು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದಳು. ಮನೆಯ ಲೆಕ್ಕದಲ್ಲಿ ಇಬ್ಬರಿಗೂ ಒಂದೊಂದು ಫ್ರಾಕು ಆಗಲೇ ತಂದಾಗಿತ್ತು. ಮೆಣಸಿಗೆ ಈಗ ಇನ್ನೊಂದು ಪೊಟ್ಟಣ ಬಂತು. ಬೆಣ್ಣೆಗೆ ಕಳಿಸುವ ಅಜ್ಜಿ ತಾತ ಯಾರೂ ಉಳಿದಿರಲಿಲ್ಲ. ಚಿಕ್ಕವಳಿಗೂ ಇನ್ನೇನಾದರೂ ತಂದರಾಯಿತು ಎಂದು ಸೋದರಳಿಯ ಹೇಳಿದ. ಅದು ಹೇಗಾಗುತ್ತದೆ ಎಂದು ಅಕ್ಕ ಅವನನ್ನು ಹಿಡಿದಳು. ಆಗ ಮನೆಯಿಂದ ಚಿಕ್ಕವಳಿಗೆ ಎರಡು, ದೊಡ್ಡವಳಿಗೆ ಒಂದೇ ಕೊಟ್ಟ ಹಾಗಾಗುತ್ತದೆ. ತಾಯಿಯಿಲ್ಲದ ಮಗುವಿಗೆ ಮನೆಯವರೇ ಕಡಿಮೆ ಮಾಡಿದರು ಎನ್ನುವುದಿಲ್ಲವೇ ಜನ? ಆ ತರ್ಕ ಕೇಳಿದ್ದರೆ ದೊಡ್ಡ ದೊಡ್ಡ ವಕೀಲರು ಕೋಟು ಕಳಚಿಟ್ಟು ಹಣ್ಣಿನಂಗಡಿ ಇಡುತ್ತಿದ್ದರು.

"ಒಬ್ಬೊಬ್ಬರಿಗೆ ಒಂದೊಂದು ಸುತ್ತು" ಎಂದಳು ಅಕ್ಕ.

"ಒಂದೊಂದು ಏನು?"

"ಶೂ ಕಣೋ. ಇವಳಿಗೊಂದು, ಅವಳಿಗೊಂದು. ಆಡ್ಬೇಕು ಅಂದ್ರೆ ಇಬ್ಬರೂ ತಂದು ಸೇರಿಸ್ಲೇಬೇಕು. ಸರದಿ ಮೇಲೆ ಆಡ್ತಾರೆ. ಹಂಚ್ಕೊಳ್ಳೋದು ಕಲೀತಾರೆ."

"ಅಕ್ಕ, ಒಂಟಿ ಕಾಲಿನ ಶೂ ಬಿಚ್ಚಿದ ಮಗು ಏನಂದ್ಕೊಳ್ಳುತ್ತೆ?"

"ಕಟ್ಟೋ ಕೆಲಸ ನಿಂದು, ಯೋಚನೆ ನಂದು."

ನಾನು ಕಟ್ಟಿದೆ. ಮನಸ್ಸಿಲ್ಲದೆ ಕಟ್ಟಿದೆ ಎಂದು ಹೇಳಿದರೆ ನೀವು ನಂಬಬೇಡಿ, ಖುಷಿಯಾಗಿಯೇ ಕಟ್ಟಿದೆ. ಅವೆರಡು ಪೊಟ್ಟಣಗಳನ್ನು ಅವಳಿ ಮಕ್ಕಳ ಹೆತ್ತತಾಯಿಯ ಮುಂದಿಟ್ಟರೂ ಯಾವುದು ಯಾವುದೆಂದು ಅವಳು ಹೇಳಲಾರಳು. ಇಂಥ ಕೆಲಸ ಕೈಗೆ ಸಿಕ್ಕಾಗ ನ್ಯಾಯ ಅನ್ಯಾಯ ನೋಡುತ್ತ ಕೂರುವವನು ಕಲಾವಿದನಲ್ಲ.

ಸೊಸೆಗೆ ಇದೊಂದೂ ಗೊತ್ತಿರಲಿಲ್ಲ. ಹಬ್ಬದ ಮುಂಚೆ ಕನ್ನಡಕದ ಅಂಗಡಿಯಲ್ಲಿ ಎಷ್ಟು ನೂಕುನುಗ್ಗಲೆಂದರೆ, ಊರಿನವರೆಲ್ಲ ಒಟ್ಟಿಗೇ ಕುರುಡಾಗಿ ಬಂದ ಹಾಗಿತ್ತು. ಅವಳು ದಿನವೂ ತಡವಾಗಿ ಬಂದು, ಮುಚ್ಚಿಟ್ಟ ತಟ್ಟೆಯ ತಣ್ಣನೆಯ ಅನ್ನ ಉಂಡು, ಬೆಣ್ಣೆಯ ಯೂನಿಫಾರ್ಮ್ ಒಗೆದು ಹಾಕುತ್ತಿದ್ದಳು. ಆ ಒಗೆಯುವ ವಿಷಯಕ್ಕೂ ಒಂದು ಜಗಳವಾಯಿತು. ಇಬ್ಬರು ಮಕ್ಕಳ ಬಟ್ಟೆ ಒಟ್ಟಿಗೇಕೆ ಒಗೆಯುವುದಿಲ್ಲ ಎಂದು ಅಕ್ಕ ಕೇಳಿದಳು. ದೊಡ್ಡವಳ ಬಟ್ಟೆ ಮುಟ್ಟಿದರೆ ಸೋಪು ಸರಿಯಿಲ್ಲ, ಬಣ್ಣ ಹೋಯಿತು ಎನ್ನುತ್ತೀರಲ್ಲ ಎಂದು ಸೊಸೆ ಹೇಳಿದಳು. ಹಾಗೆ ಅಂದದ್ದು ಒಂದೇ ಸಲ ಎಂದಳು ಅಕ್ಕ. ಒಂದು ಸಲ ಸಾಕಾಯಿತು ಎಂದಳು ಸೊಸೆ. ಬಕೆಟ್ಟು ಎತ್ತಿಕೊಂಡು ಹೋಗುವ ಅವಳನ್ನು ನೋಡಿ, ಇನ್ನು ವರ್ಷ ಮುಗಿಯುವವರೆಗೂ ಕಾಯುವುದಿಲ್ಲ ಇವಳು ಎಂದುಕೊಂಡೆ.

ಆದರೆ ಹಬ್ಬಕ್ಕೆ ಎರಡು ದಿನವಿರುವಾಗ ಅವಳ ಕಣ್ಣಿಗೆ ಬೀರುವಿನ ಮೇಲಿದ್ದ ನಾಲ್ಕು ಪೊಟ್ಟಣಗಳು ಬಿದ್ದವು. ದೂರದ ಅಜ್ಜಿಯಿಂದ ಪಾರ್ಸಲ್ ಬಂದದ್ದು ಅವಳಿಗೆ ತಿಳಿದಿತ್ತು. ತರಕಾರಿ ಹೆಚ್ಚುತ್ತಿದ್ದ ಅಕ್ಕನನ್ನು ಮೆಲ್ಲಗೆ ಕೇಳಿದಳು.

"ಅತ್ತೆ, ಅವರು ಇಬ್ಬರಿಗೂ ಕಳಿಸಿದಾರಾ?"

"ಇಬ್ಬರಿಗೂ ಇದೆ" ಎಂದಳು ಅಕ್ಕ. ಕ್ಯಾರೆಟ್ಟಿನಿಂದ ಕಣ್ಣೆತ್ತಲಿಲ್ಲ.

ಸುಳ್ಳು ಎನ್ನುವಂತಿಲ್ಲ, ನಿಜ ಎನ್ನುವಂತಿಲ್ಲ. ಸೊಸೆ ಅಕ್ಕನ ಕೈಯಿಂದ ಚಾಕು ತೆಗೆದುಕೊಂಡು ಮಿಕ್ಕ ತರಕಾರಿ ತಾನೇ ಹೆಚ್ಚಿದಳು. ರಾತ್ರಿಯ ಪಾತ್ರೆಯನ್ನೂ ತಾನೇ ತೊಳೆದಳು. ತೊಳೆಯುತ್ತ ಏನೋ ಗುನುಗುತ್ತಿದ್ದಳು. ಮರುದಿನ ಇಬ್ಬರು ಮಕ್ಕಳ ಬಟ್ಟೆಯೂ ಒಂದೇ ಹಗ್ಗದ ಮೇಲೆ ಒಣಗುತ್ತಿತ್ತು. ಅಕ್ಕ ಅದನ್ನು ಕಿಟಕಿಯಿಂದ ತೋರಿಸಿ, ನೋಡಿದೆಯಾ ನನ್ನ ಕಾನೂನು ಎಂದು ನನ್ನನ್ನು ತಿವಿದಳು. ನನ್ನ ನಾಲಿಗೆ ತುದಿಯವರೆಗೂ ಒಂದು ಮಾತು ಬಂತು. ಕೇಕು ಬೇಯುತ್ತಿದ್ದ ವಾಸನೆಗೆ ಅದು ವಾಪಸು ಹೋಯಿತು.

ಹಬ್ಬದ ದಿನ ಬೀಗಿತ್ತಿ ರೈಲಿಳಿದು ನೇರ ಬಂದಳು. ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದಿದ್ದರೂ ಸೀರೆಯಲ್ಲಿ ಒಂದು ಗೆರೆಯಿಲ್ಲ. ಬಾಗಿಲಲ್ಲಿ ಎಲ್ಲರೂ ನಿಂತಿದ್ದೆವು. ಮೆಣಸು ಹೊಸಬರನ್ನು ಕಂಡವಳಂತೆ, ಚೆನ್ನಾಗಿದೀರಾ ಎಂದಳು. ಚೆನ್ನಾಗಿದೀನಿ, ಓದ್ತಿದೀಯಾ ಎಂದು ಬೀಗಿತ್ತಿ ಕೇಳಿದಳು. ಫೋನಿನಲ್ಲಿ ವರ್ಷಗಳಿಂದ ಅವರಿಬ್ಬರೂ ಮಾತಾಡುತ್ತಿದ್ದುದು ಇಷ್ಟೇ. ಆಗ ಸೊಸೆ ಬೆಣ್ಣೆಯ ಬೆನ್ನಿಗೆ ಮೆಲ್ಲಗೆ ಕೈಯಿಟ್ಟು ಮುಂದೆ ಬಿಟ್ಟಳು. ಹೇಳಿಕೊಟ್ಟದ್ದನ್ನು ಬೆಣ್ಣೆ ಒಂದೇ ಉಸಿರಿಗೆ ಒಪ್ಪಿಸಿದಳು.

"ಅಜ್ಜಿ, ನಂಗೂ ಕಳಿಸಿದ್ದಕ್ಕೆ ಥ್ಯಾಂಕ್ಸ್."

ಬೀಗಿತ್ತಿ ಅವಳ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಸೊಸೆ ನಗುತ್ತಿದ್ದಳು. ಬೀಗಿತ್ತಿ ಬೆಣ್ಣೆಯ ತಲೆ ಸವರಿ ಒಳಗೆ ಬಂದಳು. ನನಗೆ ಆ ಚಳಿಯಲ್ಲೂ ಬೆವರಿಳಿದು ಚಪ್ಪಲಿ ತುಂಬಿತು.

ಊಟದ ಮೇಜಿನ ಮೇಲೆ ಪೊಟ್ಟಣಗಳನ್ನಿಟ್ಟೆವು. ಮೊದಲು ಫ್ರಾಕುಗಳು ಹೊರಬಂದವು. ಆಮೇಲೆ ಇಬ್ಬರೂ ಒಟ್ಟಿಗೇ ಎರಡನೆಯದಕ್ಕೆ ಕೈಹಾಕಿದರು. ಗಂಟುಗಳು ಅವರನ್ನು ಸ್ವಲ್ಪ ಹೊತ್ತು ತಡೆದವು. ನನ್ನ ಗಂಟುಗಳಿಂದ ಮನೆಗೆ ಆದ ಕೊನೆಯ ಉಪಕಾರ ಅದೇ. ಮೆಣಸಿನ ಕೈಯಲ್ಲಿ ಎಡಗಾಲಿನ ಶೂ, ಬೆಣ್ಣೆಯ ಕೈಯಲ್ಲಿ ಬಲಗಾಲಿನದು.

ಮೆಣಸು ಕಾಗದವನ್ನು ಕೊಡವಿದಳು, ಮೇಜಿನ ಕೆಳಗೆ ಬಗ್ಗಿ ನೋಡಿದಳು. "ತಾತ, ಇನ್ನೊಂದು ಎಲ್ಲಿ?"

ನಾನು ಗೋಡೆಯ ಬಿರುಕೊಂದನ್ನು ಪರೀಕ್ಷಿಸುತ್ತಿದ್ದೆ.

ಬೆಣ್ಣೆ ತನ್ನ ಕೈಯಲ್ಲಿದ್ದುದನ್ನು ಎದೆಗೆ ಒತ್ತಿಕೊಂಡಳು. "ಇದು ನಂಗೆ ಬಂದಿದ್ದು."

"ನಾನು ಒಂದು ಜೊತೆ ಕಳಿಸಿದ್ದೆ" ಎಂದಳು ಬೀಗಿತ್ತಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಒಗೆಯಲು ಬಂದ ಬಟ್ಟೆಯಲ್ಲಿ ಒಂದು ಕಡಿಮೆಯಾದರೆ ಹೇಳುವ ಧ್ವನಿ.

ಮೆಣಸು ಅವಳ ಕಡೆ ತಿರುಗಿದಳು. "ಇದು ನೀವು ಕಳಿಸಿದ್ದಾ?"

"ಮತ್ತಿನ್ಯಾರು? ಹೋದ ವರ್ಷದ ಬಣ್ಣದ ಪೆಟ್ಟಿಗೇನೂ ನಾನೇ."

"ಅದು ಮನೇದು ಅಲ್ವಾ?" ಮೆಣಸು ತಂದೆಯನ್ನು ನೋಡಿದಳು. ಅವನು ಕೆಳಗೆ ನೋಡಿದ. "ಉಣ್ಣೆ ಕೋಟು? ಅದೂ ನೀವಾ?"

ಬೀಗಿತ್ತಿ ಕುರ್ಚಿ ಎಳೆದು ಕೂತಳು. ಅವಳ ಬೆನ್ನು ಕುರ್ಚಿಗೆ ತಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಳಿಸಿದವರು ತಾವಾಗಿ ಬಾಯಿಬಿಟ್ಟು ಕೇಳುವುದು ಚೆನ್ನಾಗಿರುವುದಿಲ್ಲ, ಮಗುವೇ ಹೇಳಲಿ ಎಂದು ಪ್ರತಿ ವರ್ಷ ಫೋನು ಹಿಡಿದು ಕಾಯುತ್ತಿದ್ದೆ ಎಂದಳು. ಒಂದು ವರ್ಷವೂ ಒಂದು ಮಾತು ಬರಲಿಲ್ಲ. ಮಗುವಿಗೆ ತಾಯಿಯ ಕಡೆಯವರು ಬೇಡವಾಗಿದ್ದಾರೆ ಎಂದುಕೊಂಡೆ. ಕೊನೆಗೆ ಅದನ್ನೇ ಕಣ್ಣಾರೆ ನೋಡಿ ಹೋಗೋಣವೆಂದು ರೈಲು ಹತ್ತಿದೆ ಎಂದಳು.

ಅಷ್ಟರಲ್ಲಿ ಸೊಸೆಗೆ ಎಲ್ಲವೂ ಅರ್ಥವಾಗಿತ್ತು. ಅವಳು ಬೆಣ್ಣೆಯ ಮುಂದೆ ಮೊಣಕಾಲೂರಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಶೂ ತೆಗೆದುಕೊಂಡಳು. ಬೆಣ್ಣೆ ಅಳಲಿಲ್ಲ, ಮುಖವನ್ನು ಕಲ್ಲು ಮಾಡಿಕೊಂಡಳು. ಸೊಸೆ ಎರಡೂ ಶೂಗಳ ಲೇಸನ್ನು ಸೇರಿಸಿ ಕಟ್ಟಿ ಮೆಣಸಿನ ಮುಂದಿಟ್ಟಳು.

"ತಗೋ ಪುಟ್ಟಿ, ಇದು ನಿಂದು" ಎಂದಳು. ಆಮೇಲೆ ಅಕ್ಕನ ಕಡೆ ತಿರುಗಿದಳು. "ಅತ್ತೆ, ನನ್ನ ಮಗಳಿಗೆ ಯಾರೂ ಏನೂ ಕಳಿಸ್ಲಿಲ್ಲ ಅಂದಿದ್ರೆ ನಾನು ಅವಳಿಗೆ ಹೇಳ್ತಿದ್ದೆ, ಅವಳು ಕೇಳ್ತಿದ್ಲು. ಇನ್ನೊಬ್ಬರ ಕಾಲಿನ ಶೂ ಕಿತ್ತು ಕೊಡ್ಬೇಕಾಗಿರಲಿಲ್ಲ."

"ನಾನು ಅವಳಿಗೆ ಕಡಿಮೆ ಆಗ್ಬಾರ್ದು ಅಂತ ಮಾಡಿದ್ದು."

"ಕಡಿಮೆ ಆಗಿದ್ದು ಈಗ. ಎಲ್ಲರ ಮುಂದೆ."

ಅಕ್ಕ ಬಾಯಿ ತೆರೆದಳು. ಬಸ್ಸುಗಳನ್ನು ನಿಲ್ಲಿಸುವ ಬಾಯಿ ಅದು. ಅಂದು ಅದರಿಂದ ಏನೂ ಬರಲಿಲ್ಲ.

ಸೊಸೆ ಬೆಣ್ಣೆಯ ಕೈ ಹಿಡಿದು ಕೋಣೆಗೆ ಹೋದಳು. ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆಯುವ ಸದ್ದು ಕೇಳಿತು. ಸೋದರಳಿಯ ಎದ್ದ, ಬಾಗಿಲವರೆಗೆ ಹೋದ, ಅಲ್ಲಿ ನಿಂತ. ನಾನು ಇನ್ನೇನು ಅವನನ್ನು ಹಿಂದಿನಿಂದ ನೂಕುವವನಿದ್ದೆ, ಅಷ್ಟರಲ್ಲಿ ಅವನೇ ಮಾತಾಡಿದ.

"ನನ್ನ ಬಟ್ಟೆನೂ ಅದರಲ್ಲೇ ಹಾಕು."

ಮೇಜಿನ ಮೇಲೆ ಕೋಳಿ ತಣ್ಣಗಾಗುತ್ತಿತ್ತು. ಅಕ್ಕ ಒಂದು ಖಾಕಿ ಕಾಗದವನ್ನು ನೀಟಾಗಿ ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಎದ್ದವಳು ಬೀಗಿತ್ತಿ. ನೇರ ಆ ಕೋಣೆಯ ಬಾಗಿಲಿಗೆ ಹೋಗಿ, ನನ್ನ ಸೋದರಳಿಯನನ್ನು ಪರದೆ ಸರಿಸುವಂತೆ ಪಕ್ಕಕ್ಕೆ ಸರಿಸಿ, ಬೆಣ್ಣೆಯನ್ನು ಕರೆದಳು.

"ಬಾ ಇಲ್ಲಿ. ಬಾಗಿಲಲ್ಲಿ ನನಗೆ ಥ್ಯಾಂಕ್ಸ್ ಹೇಳಿದೆಯಲ್ಲ?"

ಬೆಣ್ಣೆ ತಲೆಯಾಡಿಸಿದಳು.

"ನಾನು ಅದನ್ನ ತಗೊಂಡೂ ಬಿಟ್ಟೆ. ಏನೂ ಕಳಿಸ್ದೆ ಥ್ಯಾಂಕ್ಸ್ ತಗೊಂಡು ರೈಲು ಹತ್ತೋಳಲ್ಲ ನಾನು. ನಿನ್ನ ಕಾಲು ಎಷ್ಟುದ್ದ?"

"ಬೇಡಮ್ಮ" ಎಂದಳು ಸೊಸೆ ಒಳಗಿನಿಂದ. "ಬಲವಂತಕ್ಕೆ ಮಾಡ್ಬೇಡಿ."

"ಬಲವಂತ ಯಾರದ್ದಮ್ಮ? ಇಷ್ಟು ವರ್ಷದಲ್ಲಿ ಈ ಮನೆಯಿಂದ ನನಗೆ ಸಿಕ್ಕ ಮೊದಲ ಥ್ಯಾಂಕ್ಸು ನಿನ್ನ ಮಗಳದ್ದು."

ಕೋಣೆಯೊಳಗೆ ಸದ್ದು ನಿಂತಿತು. ಮೆಣಸು ಬಂದು ಬೀಗಿತ್ತಿಯ ಸೆರಗಿನ ಹತ್ತಿರ ನಿಂತು, ಬಣ್ಣದ ಪೆಟ್ಟಿಗೆಯಲ್ಲಿ ಈಗ ಬರೀ ಕಪ್ಪು ಉಳಿದಿದೆ, ಮಿಕ್ಕದ್ದೆಲ್ಲ ಖಾಲಿ ಮಾಡಿದೆ, ತುಂಬ ಚೆನ್ನಾಗಿತ್ತು ಎಂದು ತಡವಾದ ಲೆಕ್ಕವನ್ನೆಲ್ಲ ಒಪ್ಪಿಸತೊಡಗಿದಳು. ಕೋಟು ಚಿಕ್ಕದಾಯಿತು, ಈಗ ಬೆಣ್ಣೆ ಹಾಕಿಕೊಳ್ಳುತ್ತಾಳೆ ಎಂದಳು. ಬೀಗಿತ್ತಿ ಎಲ್ಲವನ್ನೂ ಕೇಳಿದಳು. ಮಧ್ಯದಲ್ಲಿ ಒಮ್ಮೆ ಮೂಗು ಒರೆಸಿಕೊಂಡಳು, ಅಷ್ಟೇ. ಮೂಗು ಒರೆಸಿದ ಕರವಸ್ತ್ರವನ್ನೂ ನಾಲ್ಕು ಮಡಿಕೆ ಮಾಡಿ ಒಳಗಿಟ್ಟಳು.

ಆಮೇಲೆ ಅವಳು ಕಾಗದ ಕೇಳಿದಳು. ಮೆಣಸು ಅಕ್ಕನ ಕೈಯಿಂದಲೇ ಆ ಖಾಕಿ ಕಾಗದವನ್ನು ತೆಗೆದುಕೊಂಡು ನೆಲದ ಮೇಲೆ ಹಾಸಿದಳು. ಬೆಣ್ಣೆ ಬರಿಗಾಲು ಇಟ್ಟು ನಿಂತಳು. ಮೆಣಸು ಹೊಟ್ಟೆಯ ಮೇಲೆ ಮಲಗಿ ಪೆನ್ಸಿಲಿನಿಂದ ಅವಳ ಪಾದದ ಸುತ್ತ ಗೆರೆಯೆಳೆಯತೊಡಗಿದಳು. ಕಚಗುಳಿಯಾಗಿ ಬೆಣ್ಣೆ ಬೆರಳು ಮಡಿಸಿದಳು. ಅಲುಗಾಡಬೇಡ, ಆರು ಬೆರಳಾಗುತ್ತೆ ನಿಂಗೆ ಎಂದು ಮೆಣಸು ಗದರಿದಳು. ಸೊಸೆ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಮಡಿಸಿದ ಒಂದು ಯೂನಿಫಾರ್ಮ್ ಇತ್ತು.

"ಅಂಗಡಿಯವನು ತರಿಸೋಕೆ ಒಂದೆರಡು ವಾರ ಮಾಡ್ತಾನೆ" ಎಂದಳು ಬೀಗಿತ್ತಿ, ಅವಳ ಕಡೆ ನೋಡದೆ, ಹಾಳೆಯನ್ನೇ ನೋಡುತ್ತ. "ಬಂದ ಮೇಲೆ ಎಲ್ಲಿಗೆ ಕಳಿಸ್ಲಿ? ವಿಳಾಸ ಹೇಳಮ್ಮ."

ಸೋದರಳಿಯ ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. ನೆಲದ ಮೇಲಿದ್ದ ಇಬ್ಬರು ಹುಡುಗಿಯರನ್ನು ನೋಡಿದಳು, ಕೊನೆಗೆ ಅಕ್ಕನನ್ನು ನೋಡಿದಳು.

"ಇಲ್ಲಿಗೇ ಕಳಿಸಿ" ಎಂದಳು. "ಅವಳ ಹೆಸರು ಬರೆದು, ನಿಮ್ಮ ಹೆಸರೂ ಬರೆದು. ಕಾಗದ ಅವಳೇ ಬಿಚ್ಚಲಿ."

ಅಕ್ಕ ಬಂದು ಹಾಳೆಯ ಪಕ್ಕ ಕಷ್ಟಪಟ್ಟು ಕುಕ್ಕುರುಗಾಲಲ್ಲಿ ಕೂತಳು. ಮೆಣಸು ಗೆರೆ ಮುಗಿಸಿ ಕಾಗದವನ್ನು ಎತ್ತಲು ಹೋದಾಗ ಅದರ ಅಂಚನ್ನು ಕೈಯಿಂದ ಒತ್ತಿ ಹಿಡಿದಳು.

"ತಾಳು, ಆಗಲೇ ಎತ್ತಬೇಡ" ಎಂದಳು. ಇಷ್ಟು ಸಣ್ಣ ಧ್ವನಿಯೂ ಅವಳ ಹತ್ತಿರವಿದೆಯೆಂದು ನನಗೆ ಅಂದೇ ಗೊತ್ತಾದದ್ದು. "ಇನ್ನೊಂದು ಕಾಲೂ ಇಡಿಸು. ಎರಡೂ ಬರಿ."